ಬೈಪಾಸ್ ಆಗಿ 14 ತಿಂಗಳು: ಊಟದ ಮೇಲೆ ಬೆವರು, ಭೇದಿ, ಹೊಟ್ಟೆನೋವು. ಎಲ್ಲವೂ ಡಂಪಿಂಗೇನಾ?

ಕತ್ತರಿಗುಪ್ಪೆ ಕಿಟ್ಟಿ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತಿಗೆಯ ವಿಷಯ. ವಯಸ್ಸು 41. ತೂಕ ಇಳಿಸೋ ರೂ-ಎನ್-ವೈ ಬೈಪಾಸ್ (ಹೊಟ್ಟೆಯನ್ನು ಚಿಕ್ಕ ಚೀಲ ಮಾಡಿ ಸಣ್ಣ ಕರುಳಿಗೆ ಜೋಡಿಸೋ ಆಪರೇಷನ್) ಆಗಿ 14 ತಿಂಗಳು. 112 ಕೆ.ಜಿ. ಇದ್ದವರು ಈಗ 74. ಶುಗರ್ ಮಾತ್ರೆ ಪೂರ್ತಿ ನಿಂತಿದೆ, ಬಿ.ಪಿ. ಮಾತ್ರೆ ಅರ್ಧಕ್ಕೆ ಇಳಿದಿದೆ. ತೂಕದ ಬಗ್ಗೆ ತಕರಾರಿಲ್ಲ, ತಕರಾರು ಹೊಟ್ಟೆಯದ್ದು. ತಿಂದದ್ದು ಒಮ್ಮೆಗೇ ಕರುಳಿಗೆ ಸುರಿಯೋದಕ್ಕೆ ಡಂಪಿಂಗ್ ಅಂತಾರಲ್ಲ, ಅದೇನಾ ಅಂತ ಅನುಮಾನ.

ಒಂದು: ತಿಂಡಿ ಮುಗಿದು 20 ನಿಮಿಷದೊಳಗೆ ಎದೆ ಹೊಡ್ಕೊಳ್ಳತ್ತೆ, ಮುಖ ಬಿಸಿಯಾಗತ್ತೆ, ಹೊಟ್ಟೆ ಗುಡುಗುಡು ಅಂದು ಒಂದೆರಡು ಸಲ ನೀರು ನೀರಾಗಿ ಹೋಗತ್ತೆ. ಅರ್ಧ ಗಂಟೆ ಮಲಗಿದರೆ ಸರಿ.

ಎರಡು: ಕೆಲವು ದಿನ ತಿಂದು ಎರಡು ಗಂಟೆ ಆದಮೇಲೆ ಕೈ ನಡುಕ, ತಣ್ಣನೆ ಬೆವರು, ಕಣ್ಣು ಮಂಜು. ಒಂದು ಚಮಚ ಸಕ್ಕರೆ ಬಾಯಿಗೆ ಹಾಕ್ಕೊಂಡರೆ ಇಳಿಯತ್ತೆ. ಆದರೆ ಒಂದು ಗಂಟೆ ಕಳೆದು ಮತ್ತೆ ಅದೇ ಪಾಡು.

ಒಂದು ಮಾಮೂಲಿ ದಿನದ ಊಟ ಬರೆದಿಟ್ಟಿದ್ದೀವಿ. 7:15ಕ್ಕೆ ಕಾಫಿ, ಒಂದೂವರೆ ಚಮಚ ಸಕ್ಕರೆ. 8:30ಕ್ಕೆ ಎರಡು ಇಡ್ಲಿ, ಸಾಂಬಾರಲ್ಲಿ ಮುಳುಗಿಸಿ, ಏಳೆಂಟು ನಿಮಿಷದಲ್ಲಿ ಮುಗಿಯತ್ತೆ, ಮೇಲೆ ಒಂದು ಲೋಟ ನೀರು. 11ಕ್ಕೆ ರಾಗಿ ಮಾಲ್ಟ್, ಸಕ್ಕರೆ ಬೇಡ ಅಂತ ಬೆಲ್ಲ ಹಾಕಿ. 1:30ಕ್ಕೆ ನಿಂಬೆಹಣ್ಣಿನ ಗಾತ್ರದ ಎರಡು ತುತ್ತು ಮುದ್ದೆ, ಬಸ್ಸಾರು, ಸ್ವಲ್ಪ ಮಜ್ಜಿಗೆ ಅನ್ನ. 4:30ಕ್ಕೆ ಕಾಫಿ, ಎರಡು ಬಿಸ್ಕತ್ತು. ರಾತ್ರಿ 8:30ಕ್ಕೆ ಒಂದು ಚಪಾತಿ, ಪಲ್ಯ, ಒಂದು ಏಲಕ್ಕಿ ಬಾಳೆಹಣ್ಣು. ಮೊಟ್ಟೆ ತಿಂತಾರೆ, ಮಾಂಸ ಇಲ್ಲ.

ಊಟದಲ್ಲಿ ಏನು ಬದಲಾಯಿಸಬೇಕು? ಅಕಾರ್ಬೋಸ್ ಅನ್ನೋ ಮಾತ್ರೆ ಇದಕ್ಕೆ ಕೊಡ್ತಾರಂತೆ, ಅದು ಯಾವಾಗ ಬೇಕಾಗತ್ತೆ?

ಹಾಗೇ ಇನ್ನೊಂದು. ಮೂರು ವಾರದಿಂದ ಹೊಕ್ಕುಳಿಂದ ಸ್ವಲ್ಪ ಮೇಲೆ, ಎಡಕ್ಕೆ, ಆಗಾಗ ಹಿಂಡಿದ ಹಾಗೆ ನೋವು. ಬೆನ್ನಿಗೂ ಹೊಡೆಯತ್ತೆ. ಊಟವಾದ ಮೇಲೆ ಹೆಚ್ಚು. ಮುಕ್ಕಾಲು ಗಂಟೆ, ಒಂದು ಗಂಟೆ ಇದ್ದು ತಾನಾಗೇ ಹೋಗತ್ತೆ. ಅಲ್ಟ್ರಾಸೌಂಡ್ ಮಾಡಿಸಿದ್ವಿ, ಪಿತ್ತಕೋಶದಲ್ಲಿ ಕಲ್ಲಿಲ್ಲ. ರಕ್ತ ಪರೀಕ್ಷೆಯೂ ಸರಿಯಿದೆ. ಗ್ಯಾಸ್ಟ್ರಿಕ್ ಇರಬೇಕು ಅಂತ ಪ್ಯಾನ್-ಡಿ ತಗೊಳ್ತಿದ್ದಾರೆ, ತಡೆಯಕ್ಕಾಗದ ದಿನ ಮೆಫ್ಟಾಲ್ ಸ್ಪಾಸ್. ಇದೂ ಡಂಪಿಂಗ್ ಲೆಕ್ಕಕ್ಕೇ ಸೇರತ್ತೆ ಅಲ್ವಾ?

ಪಥ್ಯದ ಮೇಡಂ

ನೋವಿನ ಬಗ್ಗೆ ನಾನು ಮಾತಾಡಲ್ಲ, ಅದನ್ನು ಸರ್ಜನ್ ಯಾರಾದರೂ ನೋಡಬೇಕು, ಬೇಗ ನೋಡಬೇಕು. ಊಟದ್ದು ಹೇಳ್ತೀನಿ.

ನೀವು ಬರೆದ ಒಂದು ಮತ್ತು ಎರಡು ಬೇರೆ ಬೇರೆ. ಮೊದಲನೆಯದು ಬೇಗ ಬರೋ ಡಂಪಿಂಗ್, ತಿಂದ 10ರಿಂದ 30 ನಿಮಿಷಕ್ಕೆ ಶುರು. ಬೈಪಾಸ್ ಮಾಡಿದಾಗ ಉಳಿಯೋ ಹೊಟ್ಟೆಯ ಚೀಲ 30 ಮಿ.ಲೀ. ಆಸುಪಾಸು. ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಕರುಳಿಗೆ ಬಿಡ್ತಿದ್ದ ಪೈಲೋರಸ್ ಅನ್ನೋ ಬಾಗಿಲು ಈಗ ದಾರಿಯಲ್ಲೇ ಇಲ್ಲ. ಹಿಟ್ಟು, ಸಕ್ಕರೆ, ತೆಳ್ಳನೆ ದ್ರವ ಎಲ್ಲಾ ಒಟ್ಟಿಗೆ ಸಣ್ಣ ಕರುಳಿಗೆ ಬಿದ್ದಾಗ, ಆ ಗಟ್ಟಿ ದ್ರಾವಣವನ್ನು ತಿಳಿ ಮಾಡಕ್ಕೆ ರಕ್ತದಿಂದ ನೀರು ಕರುಳಿಗೆ ಇಳಿಯತ್ತೆ. ಕರುಳು ಉಬ್ಬತ್ತೆ, ರಕ್ತನಾಳದಲ್ಲಿ ನೀರು ಕಮ್ಮಿಯಾಗಿ ಹೃದಯ ಜೋರಾಗತ್ತೆ. ಮಲಗಿದರೆ ಸರಿಹೋಗೋದು ಅದಕ್ಕೇ.

ಎರಡನೆಯದು ತಡವಾಗಿ ಬರೋದು, ಒಂದರಿಂದ ಮೂರು ಗಂಟೆ ಬಿಟ್ಟು. ಸಕ್ಕರೆ ಅಂಶ ಏಕ್‌ದಮ್ ಏರಿದ್ದಕ್ಕೆ ಕರುಳಿನ ಜಿಎಲ್‌ಪಿ-1 ಹಾರ್ಮೋನು ಜಾಸ್ತಿ ಬಂದು, ಇನ್ಸುಲಿನ್ ಅಗತ್ಯಕ್ಕಿಂತ ಹೆಚ್ಚು ಸುರಿದು, ಶುಗರ್ ಕೆಳಗೆ ಬೀಳತ್ತೆ. ಆಪರೇಷನ್ ಆಗಿ ಒಂದು ವರ್ಷದ ಮೇಲೆ ಇದು ಕಾಣಿಸಿಕೊಳ್ಳೋದು ಸಾಮಾನ್ಯ, ನಿಮ್ಮ ಅತ್ತಿಗೆಯವರ ಸಮಯಕ್ಕೆ ಹೊಂದತ್ತೆ. ನಡುಕ ಬಂದ ಕ್ಷಣದಲ್ಲೇ ಗ್ಲುಕೋಮೀಟರಲ್ಲಿ ನೋಡಿ ಬರೆದಿಡಿ. 70ರ ಕೆಳಗೆ ಅಂದರೆ ಎಚ್ಚರ, 54ರ ಕೆಳಗೆ ಬಂದರೆ ಖಾತ್ರಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲೂ ಶುಗರ್ ಕಮ್ಮಿ ಬರ್ತಿದ್ದರೆ ಅದು ಬೇರೆ ವಿಚಾರ, ಎಂಡೋಕ್ರೈನ್ (ಹಾರ್ಮೋನಿನ) ಡಾಕ್ಟರ ಹತ್ರ ಹೋಗಬೇಕು. ಇದನ್ನು ಪತ್ತೆ ಹಚ್ಚಕ್ಕೆ ಅಂತ ಲ್ಯಾಬಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸೋ ಪರೀಕ್ಷೆಗೆ ಮಾತ್ರ ಒಪ್ಪಬೇಡಿ. ಬೈಪಾಸ್ ಆದವರಿಗೆ ಅದು ಡಂಪಿಂಗನ್ನು ಕೈಯಾರೆ ಬರಿಸಿದ ಹಾಗೆ. ಬಸುರಿಯರಿಗೂ ಅಷ್ಟೇ, ಬೈಪಾಸ್ ಆಗಿದೆ ಅಂತ ಹೇಳಿ, ಅದರ ಬದಲು ಒಂದು ವಾರ ಮನೆಯಲ್ಲೇ ಬೆರಳು ಚುಚ್ಚಿ ನೋಡೋ ದಾರಿ ಇದೆ.

ಈಗ ನಿಮ್ಮ ಪಟ್ಟಿ. ಸಾಂಬಾರಲ್ಲಿ ಮುಳುಗಿದ ಎರಡು ಇಡ್ಲಿ ಎಂಟು ನಿಮಿಷದಲ್ಲಿ, ಮೇಲೆ ನೀರು: ಬೇಗ ಬರೋ ಡಂಪಿಂಗ್‌ಗೆ ಇದಕ್ಕಿಂತ ಒಳ್ಳೆ ಆಹ್ವಾನ ಇಲ್ಲ. ಮೊದಲು ಒಂದು ಬೇಯಿಸಿದ ಮೊಟ್ಟೆ ಅಥವಾ 50-60 ಗ್ರಾಂ ಪನೀರ್, ಆಮೇಲೆ ಒಂದೇ ಇಡ್ಲಿ, ಗಟ್ಟಿ ಚಟ್ನಿ ಜೊತೆ. ಪ್ರೊಟೀನ್ ಮೊದಲು ಹೋದರೆ ಹಿಟ್ಟಿನ ಅಂಶ ನಿಧಾನವಾಗತ್ತೆ. ತಟ್ಟೆ ಮುಂದೆ 20-25 ನಿಮಿಷ ಕೂರಲೇಬೇಕು. ಊಟದ ಚಮಚ ಬಿಟ್ಟು ಟೀ ಚಮಚದಲ್ಲಿ ತಿಂದರೆ ವೇಗ ತಾನಾಗೇ ಇಳಿಯತ್ತೆ. ನೀರು ತಿಂದು ಅರ್ಧ ಗಂಟೆ ಆದಮೇಲೆ. ಮಧ್ಯದಲ್ಲಿ ಗುಟುಕು ಗುಟುಕಾಗಿ ಕುಡೀತಾ ದಿನಕ್ಕೆ ಒಂದೂವರೆ ಲೀಟರ್ ಮುಟ್ಟಿಸಿ.

11 ಗಂಟೆಯ ಬೆಲ್ಲದ ಮಾಲ್ಟೇ ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಬರೋ ನಡುಕಕ್ಕೆ ಕಾರಣ ಅಂತ ನನ್ನ ಗುಮಾನಿ. ಬೆಲ್ಲವೂ ಕರುಳಿಗೆ ಸಕ್ಕರೆಯೇ, ಜೇನುತುಪ್ಪವೂ ಸಕ್ಕರೆಯೇ. ಜೊತೆಗೆ ರಾಗಿ ಹಿಟ್ಟನ್ನು ಕುದಿಸಿ ತೆಳ್ಳಗೆ ಮಾಡಿದರೆ ಅದರ ಪಿಷ್ಟವೂ ಬೇಗ ಒಡೆಯತ್ತೆ. ಆ ಹೊತ್ತಿಗೆ ಒಂದು ಹಿಡಿ ಹೆಸರುಕಾಳಿನ ಉಸಲಿ ಕೊಡಿ, ಇಲ್ಲವೇ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು 100 ಗ್ರಾಂ.

ಮುದ್ದೆ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮಲ್ಲಿ ಮುದ್ದೆ ಅಗಿಯಲ್ಲ, ಸಾರಲ್ಲಿ ಅದ್ದಿ ನುಂಗ್ತೀವಿ. ಚೀಲ ಮತ್ತು ಕರುಳು ಕೂಡಿಸಿದ ಜಾಗದ ಬಾಯಿ ಒಂದರಿಂದ ಒಂದೂವರೆ ಸೆಂ.ಮೀ. ಅಷ್ಟೇ. ನಿಂಬೆಹಣ್ಣಿನ ಗಾತ್ರದ ತುತ್ತು ಅಲ್ಲಿ ಕೂತರೆ ಎದೆ ಮಧ್ಯದಲ್ಲಿ ಒತ್ತಡ, ಬಾಯಲ್ಲಿ ಜೊಲ್ಲು, ಕೊನೆಗೆ ನೊರೆ ನೊರೆ ವಾಂತಿ. ರಾಗಿ ಬಿಡಬೇಕಾಗಿಲ್ಲ. ತೆಳ್ಳನೆ ರಾಗಿ ರೊಟ್ಟಿ ಅಥವಾ ರಾಗಿ ದೋಸೆ ಮಾಡಿ, ಅಗಿದು ತಿನ್ನಲಿ. ನುಗ್ಗೇಕಾಯಿ ಸಿಪ್ಪೆ, ಕಿತ್ತಳೆಯ ಬಿಳಿ ನಾರು, ಅನಾನಸಿನ ದಿಂಡು, ಇವೂ ಅಲ್ಲೇ ಗಂಟು ಕಟ್ಟಬಹುದು, ನುಂಗೋದು ಬೇಡ. ಅವರೆಕಾಯಿ ಕಾಲದಲ್ಲಿ ಇಡೀ ಕಾಳಿನ ಬದಲು ಹಿತಕಿದ ಬೇಳೆ, ಅದೂ ಎರಡು ಚಮಚ.

ನಿಮ್ಮ ಪಟ್ಟಿಯಲ್ಲಿ ಪ್ರೊಟೀನ್ ಕೂಡಿಸಿದರೆ ದಿನಕ್ಕೆ 30 ಗ್ರಾಂ ಆಸುಪಾಸು. ಬೇಕಾಗಿರೋದು 60ರಿಂದ 80. ಇದೇ ನಿಜವಾದ ಕೊರತೆ. ಎರಡು ಮೊಟ್ಟೆ 12, ಪನೀರ್ 60 ಗ್ರಾಂ ಹಾಕಿದರೆ ಸುಮಾರು 11, ಒಂದು ಸ್ಕೂಪ್ ವೇ ಐಸೊಲೇಟ್ (ಹಾಲಿನ ಪ್ರೊಟೀನ್ ಪುಡಿ) ನೀರಲ್ಲಿ ಕಲಸಿದರೆ 20-25. ಐಸೊಲೇಟೇ ತಗೊಳ್ಳಿ, ಕಾನ್ಸೆಂಟ್ರೇಟಲ್ಲಿ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ ಜಾಸ್ತಿ. ಬೈಪಾಸ್ ಆದಮೇಲೆ ಬಹಳ ಜನಕ್ಕೆ ಹಾಲು ಒಗ್ಗಲ್ಲ. ಒಂದು ವಾರ ಹಾಲು ಪೂರ್ತಿ ಬಿಟ್ಟು, ಮೊಸರು ಮಾತ್ರ ಇಟ್ಟು ನೋಡಿ. ಬೆಳಗಿನ ಭೇದಿ ಅರ್ಧಕ್ಕರ್ಧ ಇಳಿದರೆ ಕಾರಣ ಕಾಫಿಯ ಹಾಲಲ್ಲೂ ಇತ್ತು ಅಂತ ಗೊತ್ತಾಗತ್ತೆ. ಹೊರಗಡೆ ದರ್ಶಿನಿಗೆ ಹೋದರೆ ಬೈ-ಟು ಕಾಫಿ, ಸಕ್ಕರೆ ಇಲ್ಲದೆ.

ಅಕಾರ್ಬೋಸ್: ಎರಡು ಮೂರು ವಾರ ಊಟ ಸರಿಮಾಡಿದ ಮೇಲೂ ಶುಗರ್ ಬೀಳ್ತಿದ್ದರೆ ಆಗ ಡಾಕ್ಟರ ಹತ್ರ ಕೇಳಿ. ಊಟದ ಮೊದಲ ತುತ್ತಿನ ಜೊತೆ ತಗೊಳ್ಳೋದು, 25 ಅಥವಾ 50 ಮಿ.ಗ್ರಾಂ.ನಿಂದ ಶುರು ಮಾಡ್ತಾರೆ, ಹೊಟ್ಟೆಯುಬ್ಬರ ಗ್ಯಾರಂಟಿ. ಅದನ್ನು ತಗೊಳ್ತಿರುವಾಗ ಶುಗರ್ ಇಳಿದರೆ ಸಕ್ಕರೆ ತಿಂದು ಪ್ರಯೋಜನ ಇಲ್ಲ, ಸಕ್ಕರೆಯನ್ನು ಒಡೆಯೋ ಕಿಣ್ವವನ್ನೇ ಆ ಮಾತ್ರೆ ಕಟ್ಟಿಹಾಕಿರತ್ತೆ. ಶುದ್ಧ ಗ್ಲೂಕೋಸ್ ಪುಡಿಯೇ ಬೇಕು, ಮಟ್ಟಸವಾಗಿ ಮೂರು ಟೀ ಚಮಚ. ಮಾತ್ರೆ ಇರಲಿ ಇಲ್ಲದಿರಲಿ, ಶುಗರ್ ಮೇಲೆ ಬಂದ ತಕ್ಷಣ ನಾಲ್ಕು ಚೂರು ಪನೀರೋ ಒಂದು ಹಿಡಿ ಕಡಲೆಕಾಯಿ ಬೀಜವೋ ತಿನ್ನಬೇಕು, ಇಲ್ಲದಿದ್ದರೆ ನೀವು ಹೇಳಿದ ಒಂದು ಗಂಟೆಯ ಚಕ್ರ ತಿರುಗ್ತಾನೇ ಇರತ್ತೆ. ಆ ಹೊತ್ತಲ್ಲಿ ಸ್ಕೂಟರ್ ಓಡಿಸೋದು ಬೇಡವೇ ಬೇಡ.

ಹೊಟ್ಟೆ ಡಾಕ್ಟ್ರು

ಕಿಟ್ಟಿಯವರೇ, ನೀವು "ಹಾಗೇ ಇನ್ನೊಂದು" ಅಂತ ಕೊನೆಗೆ ಸೇರಿಸಿದ್ದೇ ಮೊದಲ ಸಾಲಲ್ಲಿ ಬರಬೇಕಾಗಿದ್ದ ವಿಷಯ. ಮಿಕ್ಕಿದ್ದೆಲ್ಲಾ ಒಂದು ವಾರ ಕಾಯಬಹುದು, ಇದು ಕಾಯಲ್ಲ.

ಡಂಪಿಂಗಲ್ಲಿ ಹೊಟ್ಟೆ ನುಲಿಯತ್ತೆ ನಿಜ. ಆದರೆ ಅದರ ಜೊತೆ ಎದೆಬಡಿತ, ಭೇದಿ ಇರತ್ತೆ, ಸಿಹಿ ತಿಂದರೆ ಬರತ್ತೆ, ಸಿಹಿ ಬಿಟ್ಟರೆ ಹೋಗತ್ತೆ. ಬೆನ್ನಿಗೆ ಹೊಡೆಯೋ, ಎಡ ಮೇಲ್ಭಾಗದಲ್ಲಿ ಹಿಂಡೋ, ಬಂದು ಬಂದು ಹೋಗೋ ನೋವು, ಅದೂ ಬೈಪಾಸ್ ಆಗಿ ಒಂದರಿಂದ ಮೂರು ವರ್ಷದೊಳಗೆ, 38 ಕೆ.ಜಿ. ಇಳಿದವರಲ್ಲಿ ಬಂದರೆ, ಬೇರೆ ಅಂತ ಸಾಬೀತಾಗೋವರೆಗೂ ಅದನ್ನು ಇಂಟರ್ನಲ್ ಹರ್ನಿಯಾ ಅಂತಲೇ ನಡೆಸಬೇಕು. ಹರ್ನಿಯಾ ಅಂದರೆ ಹೊರಗೆ ಗಂಟು ಕಾಣೋದಲ್ಲ, ಎಲ್ಲಾ ಒಳಗೇ.

ಆಗೋದು ಹೀಗೆ. ಆಪರೇಷನ್‌ನಲ್ಲಿ ಸಣ್ಣ ಕರುಳನ್ನು ಕತ್ತರಿಸಿ, ಒಂದು ತುದಿಯನ್ನು ಮೇಲೆ ಚೀಲಕ್ಕೆ ಎಳೆದು ಹೊಲಿದಿರ್ತಾರೆ. ಇನ್ನೊಂದು ತುದಿಯನ್ನು ಸುಮಾರು ಒಂದು ಮೀಟರ್ ಕೆಳಗೆ ಮತ್ತೆ ಕರುಳಿಗೇ ಸೇರಿಸಿರ್ತಾರೆ. ಕರುಳಿಗೆ ರಕ್ತನಾಳ ಹೊತ್ತು ತರೋ ಪೊರೆ, ಮೆಸೆಂಟರಿ, ಅದರಲ್ಲಿ ಹೀಗಾಗಿ ಎರಡು ಸಂದಿ ಉಳಿಯತ್ತೆ. ಒಂದು ಕೆಳಗೆ ಕರುಳು-ಕರುಳು ಕೂಡಿದ ಜಾಗದಲ್ಲಿ, ಇನ್ನೊಂದು ಮೇಲಕ್ಕೆ ಎಳೆದ ಕರುಳಿನ ಹಿಂದೆ. ಈ ಎರಡನೆಯದಕ್ಕೆ ಪೀಟರ್ಸನ್ ಸಂದಿ ಅಂತಾರೆ. ಪೀಟರ್ಸನ್ ಅನ್ನೋ ಜರ್ಮನ್ ಸರ್ಜನ್ 1900ರಲ್ಲೇ ಇದನ್ನು ವಿವರಿಸಿದ್ದಾರೆ, ತೂಕದ ಆಪರೇಷನ್ ಅನ್ನೋದೇ ಹುಟ್ಟದ ಕಾಲದಲ್ಲಿ. ಈ ಸಂದಿಗಳನ್ನು ಹೊಲಿದು ಮುಚ್ಚೋದು ರೂಢಿ. ಆದರೆ ತೂಕ ಇಳಿದ ಹಾಗೆ ಪೊರೆಯೊಳಗಿನ ಕೊಬ್ಬೂ ಕರಗಿ, ಹೊಲಿಗೆ ಸಡಿಲವಾಗಿ, ಮುಚ್ಚಿದ್ದ ಸಂದಿಯೂ ಬಾಯಿ ಬಿಡತ್ತೆ. ಊಟದ ನಂತರ ತುಂಬಿದ ಕರುಳು ಅದರೊಳಗೆ ನುಸುಳತ್ತೆ, ನೋವು. ಹೊರಗೆ ಜಾರಿ ಬರತ್ತೆ, ನೋವು ಮಾಯ. ಒಂದು ದಿನ ಜಾರಿ ಬರಲ್ಲ. ಆಗ ಪೊರೆ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡು ರಕ್ತ ನಿಂತು, ಕೆಲವೇ ಗಂಟೆಗಳಲ್ಲಿ ಕರುಳು ಕಪ್ಪಾಗತ್ತೆ. ಮೀಟರ್‌ಗಟ್ಟಲೆ ಕರುಳು ತೆಗೆಯಬೇಕಾಗಿ ಬಂದರೆ ಅದರ ಪರಿಣಾಮ ಜೀವನಪರ್ಯಂತ.

ಅಲ್ಟ್ರಾಸೌಂಡ್ ಸರಿಯಿದೆ ಅನ್ನೋದು ಪಿತ್ತಕಲ್ಲಿನ ಮಟ್ಟಿಗೆ ಸರಿ. ಕರುಳಿನ ಗಾಳಿಯ ಹಿಂದೆ ಪೊರೆ ತಿರುಚಿದ್ದು ಅದಕ್ಕೆ ಕಾಣಲ್ಲ. ರಕ್ತ ಪರೀಕ್ಷೆ, ಕರುಳಿಗೆ ರಕ್ತ ನಿಂತಾಗ ಏರೋ ಲ್ಯಾಕ್ಟೇಟ್ ಸೇರಿ, ಮೊದಲ ಹಂತದಲ್ಲಿ ಪೂರ್ತಿ ನಾರ್ಮಲ್ ಇರಬಹುದು. ಎಕ್ಸ್-ರೇಯೂ ಹಾಗೇ. ಬೇಕಾಗಿರೋದು ಹೊಟ್ಟೆಯ ಸಿ.ಟಿ., ರಕ್ತನಾಳಕ್ಕೆ ಕಾಂಟ್ರಾಸ್ಟ್ (ಅವು ಎದ್ದು ಕಾಣೋ ಹಾಗೆ ಮಾಡೋ ಇಂಜೆಕ್ಷನ್) ಕೊಟ್ಟು. ಸಾಧ್ಯವಾದರೆ ನೋವು ಇರೋ ಹೊತ್ತಲ್ಲೇ. ರಿಕ್ವೆಸ್ಟ್ ಚೀಟಿಯಲ್ಲಿ "ರೂ-ಎನ್-ವೈ ಬೈಪಾಸ್ ಆಗಿದೆ, ಇಂಟರ್ನಲ್ ಹರ್ನಿಯಾ ಇದೆಯಾ ನೋಡಿ" ಅಂತ ಸ್ಪಷ್ಟವಾಗಿ ಬರೆಸಿ. ಮೆಸೆಂಟರಿಯ ರಕ್ತನಾಳಗಳು ಸುಳಿ ಸುತ್ತಿದ ಹಾಗೆ ಕಾಣೋ "ಸ್ವರ್ಲ್ ಸೈನ್" ಇದಕ್ಕೆ ಒಳ್ಳೆ ಗುರುತು, ಆದರೆ ಹುಡುಕೋ ಕಣ್ಣಿಗೆ ಮಾತ್ರ ಸಿಗತ್ತೆ. ನೋವಿಲ್ಲದ ದಿನದ ಸಿ.ಟಿ. ನಾರ್ಮಲ್ ಬಂದರೂ ವಿಷಯ ಮುಗೀಲಿಲ್ಲ. ಲಕ್ಷಣ ಹೊಂದತ್ತೆ ಅಂದರೆ ಲ್ಯಾಪ್ರೋಸ್ಕೋಪ್ ಹಾಕಿ ಒಳಗೆ ನೋಡೋದೇ ದಾರಿ. ಸುಮ್ಮನೆ ಹೆದರಿಸ್ತಿದ್ದಾರೆ ಅಂತ ಅಂದ್ಕೋಬೇಡಿ, ಇದು ಜಗತ್ತಿನಾದ್ಯಂತ ಒಪ್ಪಿತ ಕ್ರಮ.

ಇವತ್ತೇ ಆಪರೇಷನ್ ಮಾಡಿದ ಸರ್ಜನ್‌ಗೆ ಫೋನ್ ಮಾಡಿ, ವಾಟ್ಸಾಪ್ ಅಲ್ಲ. ಡಿಸ್ಚಾರ್ಜ್ ಸಮ್ಮರಿ ಸಾಲದು, ಆಪರೇಷನ್ ನೋಟ್ಸ್ ಕೇಳಿ ತಗೊಳ್ಳಿ. ಕತ್ತರಿಸಿ ಜೋಡಿಸಿದ ಕರುಳಿನ ಭಾಗ, ಅಂದರೆ ಲಿಂಬ್ ಎಷ್ಟುದ್ದ, ದೊಡ್ಡ ಕರುಳಿನ ಮುಂದಿನಿಂದ ತಂದಿದ್ದಾರಾ ಹಿಂದಿನಿಂದಲಾ, ಸಂದಿ ಹೊಲಿದಿದ್ದಾರಾ ಅನ್ನೋದು ಅದರಲ್ಲಿರತ್ತೆ.

ನೋವು ಬಂದು ಎರಡು ಗಂಟೆಯಾದರೂ ಬಿಡಲಿಲ್ಲ, ಅಥವಾ ವಾಂತಿ, ಬರೀ ಓಕರಿಕೆ ಶುರುವಾಯ್ತು, ಹೊಟ್ಟೆ ಉಬ್ಬಿತು, ಸುಮ್ಮನೆ ಕೂತಾಗಲೂ ನಾಡಿ 100ರ ಮೇಲೆ ಹೋಯ್ತು ಅಂದರೆ ಅಪಾಯಿಂಟ್‌ಮೆಂಟ್ ಕಾಯದೆ ಎಮರ್ಜೆನ್ಸಿಗೆ. ಬಾಯಿಗೆ ಏನೂ ಕೊಡಬೇಡಿ. ನಿಮ್ಮ ಸರ್ಜನ್ ಊರಿನ ಆ ತುದಿಯಲ್ಲಿದ್ದು ಸಂಜೆ ಹೊತ್ತಲ್ಲಿ ಸಿಲ್ಕ್ ಬೋರ್ಡ್ ದಾಟಬೇಕು ಅಂತಿದ್ದರೆ ಅಲ್ಲಿಗೇ ಹೋಗ್ತೀನಿ ಅಂತ ಹಟ ಹಿಡೀಬೇಡಿ. ರಾತ್ರಿಯೂ ಸಿ.ಟಿ. ಮತ್ತು ಲ್ಯಾಪ್ರೋಸ್ಕೋಪಿ ಸರ್ಜನ್ ಇರೋ ಹತ್ತಿರದ ಆಸ್ಪತ್ರೆ ಯಾವುದು ಅಂತ ಈಗಲೇ ಗೊತ್ತು ಮಾಡಿಟ್ಕೊಳ್ಳಿ. ಡ್ಯೂಟಿ ಡಾಕ್ಟರಿಗೆ ಮೊದಲ ವಾಕ್ಯದಲ್ಲೇ ಬೈಪಾಸ್ ಅಂತ ಹೇಳಿ, ಜೊತೆಗೆ ಹೊಟ್ಟೆಯ ಬೈಪಾಸ್ ಅಂತ ಬಿಡಿಸಿ ಹೇಳಿ. ಬರೀ ಬೈಪಾಸ್ ಅಂದರೆ ಹೃದಯದ್ದು ಅಂದ್ಕೊಂಡು ಇ.ಸಿ.ಜಿ. ತೆಗೆಯಕ್ಕೆ ಹೋಗ್ತಾರೆ. ಹೊಟ್ಟೆ ಒತ್ತಿದಾಗ ಮೆತ್ತಗಿದ್ದರೂ ನೋವು ಜೋರಿರೋದು ಇದರ ಸ್ವಭಾವ.

ಎರಡನೆಯ ಸಾಧ್ಯತೆ ಚೀಲ ಮತ್ತು ಕರುಳು ಕೂಡಿದ ಅಂಚಿನಲ್ಲಿ ಹುಣ್ಣು. ಅದು ಉರಿ, ಕೊರೆಯೋ ನೋವು, ತಿಂದ ತಕ್ಷಣ ಬರತ್ತೆ, ದಿನವಿಡೀ ಸಣ್ಣಗೆ ಇರತ್ತೆ. ಎಂಡೋಸ್ಕೋಪಿ ಮಾಡಿದರೆ ನೇರವಾಗಿ ಕಾಣತ್ತೆ. ಮೆಫ್ಟಾಲ್ ನುಂಗ್ತಿರೋದರಿಂದ ಎರಡೂ ಒಟ್ಟಿಗೆ ಇದ್ದರೂ ಆಶ್ಚರ್ಯವಿಲ್ಲ.

ಮೆಡಿಕಲ್ ಶಾಪ್ ಮೂರ್ತಿ

ಡಾಕ್ಟ್ರು ಮೆಫ್ಟಾಲ್ ಹೆಸರೆತ್ತಿದ್ದಕ್ಕೆ ಮಾತ್ರೆಗಳ ಬಗ್ಗೆ ಬರೀತೀನಿ, ಕೌಂಟರಲ್ಲಿ ಇದು ಯಾರಿಗೂ ಗೊತ್ತಿರಲ್ಲ.

ಮೆಫ್ಟಾಲ್ ಸ್ಪಾಸ್‌ನಲ್ಲಿ ಎರಡು ಔಷಧಿ. ಡೈಸೈಕ್ಲೋಮಿನ್ ನುಲಿತಕ್ಕೆ, ಮೆಫೆನಾಮಿಕ್ ಆಸಿಡ್ ನೋವಿಗೆ. ಎರಡನೆಯದು ಐಬುಪ್ರೊಫೇನ್, ಡೈಕ್ಲೋಫೆನಾಕ್ ಗುಂಪಿನದೇ. ಬೈಪಾಸ್ ಆದವರಿಗೆ ಈ ಗುಂಪು ಹುಣ್ಣಿನ ದೊಡ್ಡ ಕಾರಣ, ಸಿಗರೇಟಿನ ಜೊತೆ ಸಮ ಸಮ. ಮುಟ್ಟಿನ ನೋವಿಗೆ, ಹೊಟ್ಟೆನೋವಿಗೆ ಎಲ್ಲರೂ ಹೆಸರು ಹೇಳಿ ಕೇಳೋದು ಇದನ್ನೇ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೇನ್, ಜೀರೋಡಾಲ್-ಪಿಯಲ್ಲಿ ಅಸಿಕ್ಲೋಫೆನಾಕ್, ಡಿಸ್ಪ್ರಿನ್ ಅಂದರೆ ಆಸ್ಪಿರಿನ್, ಎಲ್ಲಾ ಬೇಡ. ನೋವಿಗೆ ಡೋಲೋ 650 ಥರದ ಬರೀ ಪ್ಯಾರಾಸಿಟಮಾಲ್. ಹಲ್ಲಿನ ಡಾಕ್ಟರ ಹತ್ರ ಹೋದಾಗಲೂ ಮರೀದೆ ಹೇಳಿ, ಹಲ್ಲು ಕಿತ್ತ ಮೇಲೆ ಬರೆಯೋ ಚೀಟಿಯಲ್ಲಿ ಇವು ಇದ್ದೇ ಇರತ್ತೆ. ಆಸ್ಪಿರಿನ್ ಹೃದಯಕ್ಕೆ ಅಂತ ಕೊಟ್ಟಿದ್ದರೆ ಮಾತ್ರ ತಾವಾಗಿ ನಿಲ್ಲಿಸದೆ ಕೇಳಿ.

ಪ್ಯಾನ್-ಡಿ (ಇದರಲ್ಲಿರೋದು ಆಮ್ಲ ತಗ್ಗಿಸೋ ಪ್ಯಾಂಟೊಪ್ರಜೋಲ್) ಬಗ್ಗೆ: ಹುಣ್ಣು ಖಚಿತವಾದರೆ ಅದರ ಬದಲು ಡಾಕ್ಟರು ಬಹುಶಃ ಒಮೆಪ್ರಜೋಲ್ ಅಥವಾ ಎಸೊಮೆಪ್ರಜೋಲ್ ಕ್ಯಾಪ್ಸೂಲ್ ಬಿಚ್ಚಿ ತಗೊಳ್ಳಕ್ಕೆ ಹೇಳ್ತಾರೆ. ಚೀಲ ಚಿಕ್ಕದು, ಇಡೀ ಕ್ಯಾಪ್ಸೂಲ್ ಕರಗೋ ಮೊದಲೇ ಮುಂದಕ್ಕೆ ಹೋಗಿಬಿಡತ್ತೆ, ಬಿಚ್ಚಿ ಕೊಟ್ಟವರಲ್ಲಿ ಹುಣ್ಣು ಬೇಗ ಮಾಯ್ದಿರೋದು ಕಂಡುಬಂದಿದೆ. ಒಳಗಿನ ಸಣ್ಣ ಗುಂಡುಗಳನ್ನು ಒಂದು ಚಮಚ ಮಜ್ಜಿಗೆಯಲ್ಲಿ ಹಾಕಿ ಅಗಿಯದೆ ನುಂಗಬೇಕು, ಪುಡಿ ಮಾಡಬಾರದು. ಪ್ಯಾಂಟೊಪ್ರಜೋಲ್ ಮಾತ್ರೆಯನ್ನು ಈ ಥರ ಪುಡಿಮಾಡೋ ಹಾಗಿಲ್ಲ, ಮೇಲಿನ ಲೇಪ ಹೋದರೆ ಔಷಧಿಯೂ ಹೋಯ್ತು. ಜೊತೆಗೆ ಸುಕ್ರಾಲ್ಫೇಟ್ ಸಿರಪ್ ಕೊಟ್ಟರೆ ಖಾಲಿ ಹೊಟ್ಟೆಯಲ್ಲಿ. ಬೇರೆ ಮಾತ್ರೆಗಳಿಂದ ಎರಡು ಗಂಟೆ ದೂರ, ಥೈರಾಯ್ಡ್ ಮಾತ್ರೆ ಇದ್ದರೆ ಇನ್ನೂ ದೂರ.

ಈನೋ ಕುಡಿಯೋ ಅಭ್ಯಾಸ ಇದ್ದರೆ ಬಿಡಿ. ಅಷ್ಟು ಸಣ್ಣ ಚೀಲದಲ್ಲಿ ಅಷ್ಟು ಗಾಳಿ ಬೇಡ.

ಐರನ್ ಮಾತ್ರೆ ತಗೊಳ್ತಿದ್ದರೆ ಮಲ ಕಪ್ಪು ಹಸಿರಾಗತ್ತೆ, ಗಾಬರಿ ಬೇಡ. ಟಾರಿನ ಥರ ಅಂಟಂಟಾಗಿ, ಹೊಳೀತಾ, ಕೆಟ್ಟ ವಾಸನೆ ಇದ್ದರೆ ಅದು ಹುಣ್ಣಿನಿಂದ ರಕ್ತ, ಆಗ ಅವತ್ತೇ ಆಸ್ಪತ್ರೆ.

ಕತ್ತರಿಗುಪ್ಪೆ ಕಿಟ್ಟಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೆಫ್ಟಾಲ್ ನಿಲ್ಲಿಸಿದ್ವಿ. ಸರ್ಜನ್‌ಗೆ ಫೋನ್ ಮಾಡಿದ್ವಿ, ನಾಳೆ ಬೆಳಗ್ಗೆ ಬನ್ನಿ ಅಂದಿದ್ದಾರೆ, ಸಿ.ಟಿ. ಬರೆದುಕೊಟ್ಟಿದ್ದಾರೆ. ಆಪರೇಷನ್ ನೋಟ್ಸಲ್ಲಿ ಹೀಗಿದೆ: ಮೇಲಕ್ಕೆ ಹೋಗೋ ಲಿಂಬ್ 100 ಸೆಂ.ಮೀ., ಪಿತ್ತ ಬರೋ ಲಿಂಬ್ 75 ಸೆಂ.ಮೀ., ಕರುಳು-ಕರುಳು ಕೂಡಿದ ಸಂದಿ ಹೊಲಿದಿದೆ. ಪೀಟರ್ಸನ್ ಬಗ್ಗೆ ಏನೂ ಬರೆದಿಲ್ಲ. ಇವತ್ತು ಮಧ್ಯಾಹ್ನ ನಡುಕ ಬಂದಾಗ ಶುಗರ್ ನೋಡಿದ್ವಿ, 51.

ಎರಡು ಅನುಮಾನ. ಕಾಂಟ್ರಾಸ್ಟ್ ಇಂಜೆಕ್ಷನ್ ಕಿಡ್ನಿಗೆ ಕೆಟ್ಟದ್ದಂತೆ? ನಾಳೆವರೆಗೂ ಸುಸ್ತಾಗದ ಹಾಗೆ ಪಕ್ಕದ ಕ್ಲಿನಿಕ್ಕಲ್ಲಿ ಒಂದು ಬಾಟಲಿ ಗ್ಲೂಕೋಸ್ ಹಾಕಿಸಬಹುದಾ?

ಹೊಟ್ಟೆ ಡಾಕ್ಟ್ರು

ಪೀಟರ್ಸನ್ ಬಗ್ಗೆ ಬರೆದಿಲ್ಲ ಅಂದರೆ ತೆರೆದಿದೆ ಅಂತಲೇ ಇಟ್ಕೊಳ್ಳೋಣ. ನಾಳೆ ಇದನ್ನು ಸರ್ಜನ್ ಹತ್ರ ನೇರವಾಗಿ ಕೇಳಿ, ಬೇಜಾರು ಮಾಡ್ಕೊಳ್ಳಲ್ಲ.

ಕಾಂಟ್ರಾಸ್ಟ್‌ಗೆ ಮುಂಚೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸೋ ರಕ್ತ ಪರೀಕ್ಷೆ) ನೋಡ್ತಾರೆ. ನೀವು ರಕ್ತ ಪರೀಕ್ಷೆ ಸರಿಯಿದೆ ಅಂದಿದ್ದೀರಲ್ಲ, ಆ ರಿಪೋರ್ಟಲ್ಲೇ ಇರಬಹುದು, ಒಯ್ಯಿರಿ. ಕಿಡ್ನಿ ಸರಿಯಿದ್ದವರಿಗೆ ಅದರ ಭಯಕ್ಕೆ ಈ ಸಿ.ಟಿ. ಬಿಡೋದು ಲೆಕ್ಕಾಚಾರವೇ ಅಲ್ಲ. ಕಾಂಟ್ರಾಸ್ಟ್ ಇಲ್ಲದೆ ಮಾಡಿಸಿದರೆ ರಕ್ತನಾಳ ಕಾಣದೆ ದುಡ್ಡು ದಂಡ. ಹಿಂದೆ ಅಲರ್ಜಿ ಆಗಿದ್ದರೆ ಮಾತ್ರ ಮೊದಲೇ ಹೇಳಿ. ಪ್ಲೇಟ್ ಜೊತೆ ಸಿ.ಡಿ.ಯನ್ನೂ ಕೇಳಿ ಇಸ್ಕೊಳ್ಳಿ. ನುರಿತ ಸರ್ಜನ್ ರಿಪೋರ್ಟ್ ಓದಿ ಸುಮ್ಮನಾಗಲ್ಲ, ಚಿತ್ರಗಳನ್ನು ತಾವೇ ಓಡಿಸಿ ನೋಡ್ತಾರೆ.

ಗ್ಲೂಕೋಸ್ ಬಾಟಲಿ ಬೇಡ. ಇದನ್ನು ಒತ್ತಿ ಹೇಳ್ತೀನಿ, ಯಾಕಂದರೆ ನಮ್ಮ ಕಡೆ ಸುಸ್ತು ಅಂದರೆ ಡ್ರಿಪ್ ಅನ್ನೋದು ರೂಢಿಯಾಗಿಬಿಟ್ಟಿದೆ. ತೂಕದ ಆಪರೇಷನ್ ಆದವರು ಸರಿಯಾಗಿ ತಿನ್ನದೆ, ವಾಂತಿ ಮಾಡ್ಕೊಳ್ತಾ ಎರಡು ಮೂರು ವಾರ ಕಳೆದರೆ ಥಯಾಮಿನ್, ಅಂದರೆ ಬಿ1 ವಿಟಮಿನ್, ಖಾಲಿಯಾಗಿರತ್ತೆ. ದೇಹದಲ್ಲಿ ಅದರ ದಾಸ್ತಾನೇ ಕಮ್ಮಿ. ಆ ಸ್ಥಿತಿಯಲ್ಲಿ ಗ್ಲೂಕೋಸ್ ಏರಿಸಿದರೆ ಅದನ್ನು ಉರಿಸೋದಕ್ಕೆ ಉಳಿದ ಚೂರು ಬಿ1 ಕೂಡ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳತ್ತೆ. ನಡೆಯುವಾಗ ತೂರಾಡೋದು, ಕಣ್ಣು ಎರಡೆರಡಾಗಿ ಕಾಣೋದು, ಮಾತು ಗೊಂದಲ. ಕೆಲವರಲ್ಲಿ ಅದು ವಾಪಸ್ ಬರಲ್ಲ. ಹಾಗಾಗಿ ವಾಂತಿ ಇರೋವರಿಗೆ ಮೊದಲು ಥಯಾಮಿನ್ ಇಂಜೆಕ್ಷನ್, ಕನಿಷ್ಠ 100 ಮಿ.ಗ್ರಾಂ., ಆಮೇಲೆ ಗ್ಲೂಕೋಸ್. ಅತ್ತಿಗೆಯವರಿಗೆ ವಾಂತಿ ಇಲ್ಲ ಅಂತ ಕಾಣತ್ತೆ, ಆದರೂ ಡ್ರಿಪ್ ಅವರಿಗೆ ಯಾವ ಉಪಕಾರವನ್ನೂ ಮಾಡಲ್ಲ. ಇವತ್ತು ರಾತ್ರಿ ತೆಳ್ಳಗೆ, ಸ್ವಲ್ಪ ಸ್ವಲ್ಪ: ಹೆಸರುಬೇಳೆ ಕಟ್ಟು, ಮಜ್ಜಿಗೆ. ಸಿ.ಟಿ.ಗೆ ಎಷ್ಟು ಗಂಟೆ ಉಪವಾಸ ಅಂತ ಸೆಂಟರ್‌ನವರನ್ನೇ ಕೇಳಿ. ರಾತ್ರಿ ನೋವು ಬಂದು ನಿಲ್ಲದಿದ್ದರೆ ನಾಳೆಯ ಅಪಾಯಿಂಟ್‌ಮೆಂಟ್ ಮರೆತುಬಿಡಿ, ಹೊರಡಿ.

ಸಂದಿ ಸಿಕ್ಕಿದರೆ ಲ್ಯಾಪ್ರೋಸ್ಕೋಪಿಯಲ್ಲೇ ಕರುಳನ್ನು ಹೊರಗೆಳೆದು, ಕರಗದ ದಾರದಲ್ಲಿ ಎರಡೂ ಸಂದಿ ಹೊಲೀತಾರೆ. ಕರುಳು ಆರೋಗ್ಯವಾಗಿದ್ದರೆ ಒಂದೆರಡು ದಿನದಲ್ಲಿ ಮನೆಗೆ ಕಳಿಸ್ತಾರೆ.

51ರ ಬಗ್ಗೆ ಮೇಡಂ ಹೇಳಿದ್ದು ಸರಿ. ಆದರೆ ಅಕಾರ್ಬೋಸ್ ಈಗಲೇ ಬೇಡ. ಅದು ಹೊಟ್ಟೆ ಉಬ್ಬಿಸಿ ನೋವಿನ ಚಿತ್ರವನ್ನೇ ಕಲಸುತ್ತೆ.

ಸ್ಲೀವ್ ಸುಮ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ ಸರ್. ಬೈಪಾಸ್ ಅಲ್ಲದೆ ಸ್ಲೀವ್ ಆದವರಿಗೂ ಈ ಸಂದಿ ಸಮಸ್ಯೆ ಇರತ್ತಾ? ಮಿನಿ ಬೈಪಾಸ್‌ಗೆ?

ಹೊಟ್ಟೆ ಡಾಕ್ಟ್ರು

ಸ್ಲೀವಲ್ಲಿ ಕರುಳನ್ನು ಮುಟ್ಟೋದೇ ಇಲ್ಲ. ಹೊಟ್ಟೆಯ ಮುಕ್ಕಾಲು ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೀತಾರೆ ಅಷ್ಟೇ. ಈ ಸಂದಿಗಳು ಹುಟ್ಟಲ್ಲ. ಅಲ್ಲಿನ ತಲೆನೋವು ಎದೆಯುರಿ, ಹುಳಿತೇಗು. ಕೊಳವೆಯಂಥ ಹೊಟ್ಟೆಯಲ್ಲಿ ಒತ್ತಡ ಜಾಸ್ತಿ, ಆಮ್ಲ ಮೇಲಕ್ಕೆ ಬರತ್ತೆ. ಮೊದಲು ಇಲ್ಲದವರಿಗೂ ಹೊಸದಾಗಿ ಶುರುವಾಗಬಹುದು. ರಾತ್ರಿ ಊಟ ಮಲಗೋ ಮೂರು ಗಂಟೆ ಮುಂಚೆ, ಮಂಚದ ತಲೆಕಡೆ ಕಾಲಿನ ಕೆಳಗೆ ಆರು ಇಂಚು ಎತ್ತರ. ದಿಂಬು ಜೋಡಿಸೋದಲ್ಲ, ಅದರಿಂದ ಹೊಟ್ಟೆ ಮಡಚಿ ಇನ್ನೂ ಜಾಸ್ತಿಯಾಗತ್ತೆ. ಮಾತ್ರೆಗೂ ಬಗ್ಗದಿದ್ದರೆ ಎಂಡೋಸ್ಕೋಪಿ, ಕೊನೆಗೆ ಕೆಲವರಲ್ಲಿ ರೂ-ಎನ್-ವೈಗೆ ಬದಲಾಯಿಸೋದು. ದಿನೇದಿನೇ ನುಂಗೋದು ಕಷ್ಟವಾಗಿ, ಆಮೇಲೆ ನೀರೂ ಇಳಿಯದೆ ವಾಂತಿಯಾದರೆ ಕೊಳವೆ ಬಾಗಿದ ಜಾಗದಲ್ಲಿ ಕಿರಿದಾಗಿರತ್ತೆ, ಬಲೂನ್ ಹಾಕಿ ಹಿಗ್ಗಿಸ್ತಾರೆ. ಆಪರೇಷನ್ ಆಗಿ ಮೊದಲೆರಡು ವಾರದಲ್ಲಿ ಜ್ವರ, ನಾಡಿ 120, ಎಡ ಭುಜದ ನೋವು ಬಂದರೆ ಸೋರಿಕೆ ಅಂತ ತಿಳ್ಕೊಂಡು ಓಡಬೇಕು.

ಮಿನಿ ಬೈಪಾಸಲ್ಲಿ ಕೂಡಿಸೋದು ಒಂದೇ ಕಡೆ, ಹಾಗಾಗಿ ಕೆಳಗಿನ ಸಂದಿ ಇಲ್ಲ. ಪೀಟರ್ಸನ್ ಸಂದಿ ಇದೆ, ಆದರೆ ಅಗಲ, ಸಿಕ್ಕಿಕೊಳ್ಳೋದು ಅಪರೂಪ. ಅಲ್ಲಿ ಕಾಡೋದು ಪಿತ್ತ. ಹಳದಿ ಕಹಿ ನೀರು ಬಾಯಿಗೆ ಬರೋದು, ಅದಕ್ಕೆ ಆಮ್ಲದ ಮಾತ್ರೆ ಕೆಲಸ ಮಾಡಲ್ಲ. ಇನ್ನೊಂದು, ಅಲ್ಲಿ ಬಿಟ್ಟುಬಿಡೋ ಕರುಳು 150ರಿಂದ 200 ಸೆಂ.ಮೀ. ಇರೋದರಿಂದ ಕೊಬ್ಬು ಹೀರದೆ ಮಲ ಎಣ್ಣೆ ಎಣ್ಣೆಯಾಗಿ ನೀರ ಮೇಲೆ ತೇಲತ್ತೆ, ಫ್ಲಶ್ ಮಾಡಿದರೂ ಹೋಗಲ್ಲ. ಅದು ವಾರಗಟ್ಟಲೆ ನಡೆದರೆ ಎ, ಡಿ, ಇ, ಕೆ ವಿಟಮಿನ್ ಮತ್ತು ಆಲ್ಬುಮಿನ್ (ರಕ್ತದಲ್ಲಿರೋ ಪ್ರೊಟೀನ್) ನೋಡಿಸಿ.

ಮೆಡಿಕಲ್ ಶಾಪ್ ಮೂರ್ತಿ

ಸುಮ ಮೇಡಂ, ಕಿಟ್ಟಿ ಸರ್ ಇಬ್ಬರಿಗೂ: ಕ್ಯಾಲ್ಸಿಯಂ ಸ್ಟ್ರಿಪ್ಪಿನ ಹಿಂದೆ ತಿರುಗಿಸಿ ನೋಡಿ. ಕಾರ್ಬೊನೇಟ್ ಅಂತಿದ್ದರೆ ಅದು ಕರಗಕ್ಕೆ ಆಮ್ಲ ಬೇಕು. ಬೈಪಾಸ್ ಚೀಲದಲ್ಲಿ ಆಮ್ಲವೇ ಇಲ್ಲದ ಹಾಗೆ, ಮೇಲಿಂದ ಪ್ಯಾನ್ ಬೇರೆ. ಸಿಟ್ರೇಟ್ ಕೇಳಿ ತಗೊಳ್ಳಿ. ದಿನಕ್ಕೆ 1200ರಿಂದ 1500 ಮಿ.ಗ್ರಾಂ., ಒಂದು ಸಲಕ್ಕೆ 500ರ ಆಸುಪಾಸು, ಅದಕ್ಕಿಂತ ಜಾಸ್ತಿ ಒಟ್ಟಿಗೆ ಹೀರಲ್ಲ. ಐರನ್ ಮಾತ್ರೆಯಿಂದ ಎರಡು ಗಂಟೆ ಅಂತರ, ಐರನ್ ಕಾಫಿ ಜೊತೆ ಬೇಡ. ನಮ್ಮ ಕೌಂಟರಲ್ಲಿ ಕೇಳೋರಿಗೆ ನಾನು ಹೇಳೋದು: ಬೆಳಗ್ಗೆ ತಿಂಡಿಗೆ ಕ್ಯಾಲ್ಸಿಯಂ, 11ಕ್ಕೆ ಐರನ್, ಮಧ್ಯಾಹ್ನ ಊಟಕ್ಕೆ ಕ್ಯಾಲ್ಸಿಯಂ, ರಾತ್ರಿ ಇನ್ನೊಂದು. ಬಿ12 ಇಂಜೆಕ್ಷನ್ ತಗೊಳ್ತಿದ್ದರೆ 1000 ಮೈಕ್ರೋಗ್ರಾಂ ತಿಂಗಳಿಗೊಂದು, ಕೈ ಜುಮ್ಮನ್ನೋವರೆಗೂ ಕಾಯಬೇಡಿ.